ವೇಲಾದ ಒಡಲಿಗೆ ಹನ್ನೆರಡು ಕಿಲೋಮೀಟರ್

ಮಾರ್ಚ್ ತಿಂಗಳ ರಾತ್ರಿ ಒಂಬತ್ತರ ಹೊತ್ತಿಗೆ, ಊರದೀಪಗಳ ಕಾಟವಿಲ್ಲದ ಬಯಲಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಅಗಸ್ತ್ಯ ನಕ್ಷತ್ರ ಪಶ್ಚಿಮಕ್ಕೆ ತುಸು ವಾಲಿ ಬೆಳಗುತ್ತಿರುತ್ತದೆ. ಅದರ ಎಡಕ್ಕೆ, ಇನ್ನೂ ಸ್ವಲ್ಪ ಮೇಲೆ, ವೇಲಾ ಎಂಬ ನಕ್ಷತ್ರಪುಂಜ. ಆ ಪುಂಜದಲ್ಲಿ ಬರಿಗಣ್ಣಿಗೆ ಕತ್ತಲೆಯಷ್ಟೇ ಕಾಣುವ ಒಂದು ತಾಣವಿದೆ. ಅಲ್ಲಿ, ನಮ್ಮಿಂದ ಸುಮಾರು 1,000 ಜ್ಯೋತಿರ್ವರ್ಷ ದೂರದಲ್ಲಿ, ಒಂದು ಗುಂಡು ಸೆಕೆಂಡಿಗೆ ಹನ್ನೊಂದು ಸುತ್ತು ತಿರುಗುತ್ತಿದೆ. ಸುತ್ತಿಗೊಮ್ಮೆ ಅದರ ರೇಡಿಯೋ ಕಿರಣ ಭೂಮಿಯನ್ನು ಸವರಿ ಹೋಗುತ್ತದೆ. ಇದೇ ವೇಲಾ ಪಲ್ಸಾರ್. ಇಂಥ ನ್ಯೂಟ್ರಾನ್ ನಕ್ಷತ್ರಗಳು ಸಾಮಾನ್ಯವಾಗಿ ಸೂರ್ಯನ 1.4 ಪಟ್ಟು ತೂಗುತ್ತವೆ. ಅಷ್ಟೂ ತೂಕ ಅಡಗಿರುವುದು ಇಪ್ಪತ್ತನಾಲ್ಕು, ಇಪ್ಪತ್ತೈದು ಕಿಲೋಮೀಟರ್ ಅಡ್ಡಳತೆಯ ಗೋಳದಲ್ಲಿ.

ವೇಲಾ ಪಲ್ಸಾರ್ ಹುಟ್ಟಿ ಸುಮಾರು 11,000 ವರ್ಷವಾಯಿತು. ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರವಾದ ನಕ್ಷತ್ರವೊಂದರ ಗರ್ಭದಲ್ಲಿ ಇಂಧನವೆಲ್ಲ ಮುಗಿದು ಕಬ್ಬಿಣ ಉಳಿಯಿತು. ಕಬ್ಬಿಣವನ್ನು ಬೆಸೆದರೆ ಶಕ್ತಿ ಹೊಮ್ಮುವುದಿಲ್ಲ. ಆ ಕಬ್ಬಿಣದ ಗುಂಡು ಕುಸಿಯದಂತೆ ಹಿಡಿದದ್ದು ಎಲೆಕ್ಟ್ರಾನ್‌ಗಳ ಒತ್ತಡ. ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್‌ಗಳು ನಿಲ್ಲಲಾರವು ಎಂಬ ಕ್ವಾಂಟಮ್ ನಿಯಮದಿಂದ ಹುಟ್ಟುವ ಒತ್ತಡ ಅದು. ಅದಕ್ಕೂ ಒಂದು ಮಿತಿ ಇದೆಯೆಂದು 1930ರಲ್ಲಿ, ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಕುಳಿತು ಲೆಕ್ಕ ಹಾಕಿದವರು ಹತ್ತೊಂಬತ್ತರ ತರುಣ ಸುಬ್ರಹ್ಮಣ್ಯನ್ ಚಂದ್ರಶೇಖರ್. ಸೂರ್ಯನ ತೂಕದ ಸುಮಾರು 1.4 ಪಟ್ಟು ದಾಟಿದರೆ ಎಲೆಕ್ಟ್ರಾನ್‌ಗಳ ಕೈ ಸೋಲುತ್ತದೆ. ಕಬ್ಬಿಣದ ಗರ್ಭ ಆ ಮಿತಿ ಮುಟ್ಟಿತು. ಭೂಮಿಯ ಗಾತ್ರಕ್ಕಿದ್ದದ್ದು ಒಂದು ಸೆಕೆಂಡು ತುಂಬುವುದರೊಳಗೆ ಕುಸಿಯಿತು. ಎಲೆಕ್ಟ್ರಾನ್‌ಗಳು ಪ್ರೋಟಾನ್‌ಗಳೊಂದಿಗೆ ಕೂಡಿ ನ್ಯೂಟ್ರಾನ್‌ಗಳಾದವು. ನ್ಯೂಟ್ರಿನೋಗಳು ಹೊರಕ್ಕೆ ನುಗ್ಗಿದವು, ಹೊರಮೈ ಸಿಡಿಯಿತು, ಒಳಗಿನ ಗುಂಡು ಉಳಿಯಿತು.

ಆ ಗುಂಡಿನಿಂದ ಒಂದು ಚಿಟಿಕೆ ತಂದು ನೋಡುವ ಉಪಾಯ ಯಾರಲ್ಲೂ ಇಲ್ಲ. ಆದರೂ ಒಂಬತ್ತು ದಶಕಗಳ ಲೆಕ್ಕ ಮತ್ತು ಅಳತೆಗಳು ಸೇರಿ ಅದರ ಒಡಲಿನ ನಕ್ಷೆಯೊಂದು ಮೂಡಿದೆ. ಆ ನಕ್ಷೆ ಹಿಡಿದು ಇಳಿಯೋಣ. ಮೇಲ್ಮೈಯಿಂದ ನಟ್ಟನಡುವಿಗೆ ಹನ್ನೆರಡು ಕಿಲೋಮೀಟರ್.

ಮೇಲ್ಮೈ

ಮೊದಲು ಸಿಗುವುದು ವಾಯುಮಂಡಲ. ಅದರ ದಪ್ಪ ಕೆಲವೇ ಸೆಂಟಿಮೀಟರ್. ಗುರುತ್ವ ಭೂಮಿಗಿಂತ ಹತ್ತು ಸಾವಿರ ಕೋಟಿ ಪಟ್ಟು ಹೆಚ್ಚಿರುವ ಕಡೆ ಅನಿಲಕ್ಕೂ ತಲೆ ಎತ್ತಲು ಆಗದು. ನೆಲ ಲಕ್ಷಗಟ್ಟಲೆ ಡಿಗ್ರಿ ಕಾದಿದೆ. ಅದರ ಹೊಳಪಿನ ಬಹುಪಾಲು ಎಕ್ಸ್‌ರೇ. ಬೆಟ್ಟಗಳೇನಾದರೂ ಇದ್ದರೆ ಅವುಗಳ ಎತ್ತರವನ್ನು ಮಿಲಿಮೀಟರಿನಲ್ಲಿ ಹೇಳಬೇಕು. ಇಲ್ಲಿಂದ ತಪ್ಪಿಸಿಕೊಂಡು ಹೊರಬೀಳಲು ಬೆಳಕಿನ ಅರ್ಧದಷ್ಟು ವೇಗ ಬೇಕು. ಬೆಳಕಿನ ದಾರಿಯೇ ಬಾಗುವುದರಿಂದ, ದೂರದಲ್ಲಿ ನಿಂತವನಿಗೆ ಗೋಳದ ಮುಂಭಾಗದ ಜೊತೆಗೆ ಹಿಂಭಾಗದ ಒಂದು ಪಾಲೂ ಕಾಣುತ್ತದೆ.

ಕಾಂತಕ್ಷೇತ್ರ ಭೂಮಿಯದಕ್ಕಿಂತ ಲಕ್ಷ ಕೋಟಿ ಪಟ್ಟು ಬಲವಾದದ್ದು. ಅದಕ್ಕೆ ಸಿಕ್ಕ ಪರಮಾಣು ತನ್ನ ದುಂಡು ಆಕಾರ ಕಳೆದುಕೊಳ್ಳುತ್ತದೆ. ಎಲೆಕ್ಟ್ರಾನ್‌ಗಳು ಕಾಂತರೇಖೆಗಳಿಗೆ ಅಂಟಿಕೊಂಡು, ಪರಮಾಣು ಆ ರೇಖೆಯುದ್ದಕ್ಕೂ ಸೂಜಿಯಂತೆ ನೀಳವಾಗುತ್ತದೆ. ಚಂದ್ರಶೇಖರ್ ಹೆಸರನ್ನೇ ಹೊತ್ತ ಚಂದ್ರಾ ಎಕ್ಸ್‌ರೇ ದೂರದರ್ಶಕ ತೆಗೆದ ಚಿತ್ರಗಳಲ್ಲಿ ವೇಲಾದ ಸುತ್ತ ಎರಡು ಕಮಾನುಗಳು ಬೆಳಗುತ್ತವೆ, ಅವುಗಳಿಂದ ಒಂದು ಚಿಲುಮೆ ಉದ್ದಕ್ಕೆ ಚಿಮ್ಮಿ ಬಳುಕುತ್ತದೆ. ಅದೆಲ್ಲ ಈ ಕಾಂತಕ್ಷೇತ್ರ ಹೊರಕ್ಕೆ ತೂರುವ ಕಣಗಳ ಬೆಳಕು.

ಹೊರ ತೊಗಟೆ

ಕಾಲಿಟ್ಟ ನೆಲ ಕಬ್ಬಿಣ. ಆದರೆ ಈ ಕಬ್ಬಿಣದ ಪರಮಾಣುಗಳು ಒತ್ತಡಕ್ಕೆ ಸಿಕ್ಕಿ ತಮ್ಮ ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟಿವೆ. ಬೆತ್ತಲೆ ನ್ಯೂಕ್ಲಿಯಸ್‌ಗಳು ಹರಳಿನಲ್ಲಿರುವಂತೆ ಸಾಲುಹಿಡಿದು ನಿಂತಿವೆ. ಅವುಗಳ ನಡುವೆ ಯಾರಿಗೂ ಸೇರದ ಎಲೆಕ್ಟ್ರಾನ್‌ಗಳ ಮಡು. ಹತ್ತಾರು ಮೀಟರ್ ಇಳಿದರೆ ಒತ್ತಡ ಇನ್ನಷ್ಟು ಏರುತ್ತದೆ. ಎಲೆಕ್ಟ್ರಾನ್‌ಗಳು ಒಂದೊಂದಾಗಿ ನ್ಯೂಕ್ಲಿಯಸ್ಸಿನೊಳಗೇ ಹೊಕ್ಕು, ಅಲ್ಲಿನ ಪ್ರೋಟಾನ್‌ಗಳನ್ನು ನ್ಯೂಟ್ರಾನ್‌ಗಳಾಗಿ ಬದಲಾಯಿಸುತ್ತವೆ. ಕಬ್ಬಿಣದ ಕೆಳಗೆ ನಿಕ್ಕಲ್ ಪದರ. ಅದರ ಕೆಳಗೆ ಕ್ರಿಪ್ಟಾನ್, ಸೆಲೆನಿಯಂ, ಜರ್ಮೇನಿಯಂ. ನಮ್ಮಲ್ಲಿ ಅನಿಲವಾಗಿರುವ ಕ್ರಿಪ್ಟಾನ್ ಅಲ್ಲಿ ನೆಲದ ಕಲ್ಲು.

ಈ ಪದರಗಳ ಪಟ್ಟಿಯನ್ನು ಭೂಮಿಯ ಮೇಲೆಯೇ ತಿದ್ದಬಹುದು. ಯಾವ ಆಳದಲ್ಲಿ ಯಾವ ನ್ಯೂಕ್ಲಿಯಸ್ ನೆಲೆಸುತ್ತದೆ ಎನ್ನುವುದು ಅದರ ತೂಕವನ್ನು ಅವಲಂಬಿಸಿದೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಸತು 82 ಎಂಬ ಅಲ್ಪಾಯುಷಿ ನ್ಯೂಕ್ಲಿಯಸ್ಸನ್ನು ಸೃಷ್ಟಿಸಿ, ಕಾಂತಬಲೆಯಲ್ಲಿ ಹಿಡಿದು ತೂಗಿದರು. 2013ರಲ್ಲಿ ಫಲಿತಾಂಶ ಬಂತು: ಹಿಂದೆ ಕೆಲವು ಲೆಕ್ಕಗಳು ಇದೆಯೆಂದು ಹೇಳಿದ್ದರೂ, ನ್ಯೂಟ್ರಾನ್ ನಕ್ಷತ್ರದ ತೊಗಟೆಯಲ್ಲಿ ಸತು 82ಕ್ಕೆ ಜಾಗವಿಲ್ಲ. ಸೆಕೆಂಡೊಂದು ಬಾಳದ ಕಣದ ತೂಕದಿಂದ ಸಾವಿರಾರು ಜ್ಯೋತಿರ್ವರ್ಷಗಳಾಚೆಯ ನೆಲದ ಒಂದು ಪದರ ಅಳಿಸಿಹೋಯಿತು. ಇಂಥ ಕೆಲಸ ಓದಿದಾಗ ಮನುಷ್ಯನ ಬುದ್ಧಿಯ ಬಗ್ಗೆ ನನಗೆ ಹೆಮ್ಮೆ ಉಕ್ಕುತ್ತದೆ.

ಸುಳಿಗಳ ಸೀಮೆ

ಕೆಲವು ನೂರು ಮೀಟರ್ ಇಳಿದ ಮೇಲೆ ಒಂದು ಗಡಿ ಬರುತ್ತದೆ. ಇಲ್ಲಿ ಒಂದು ಘನ ಸೆಂಟಿಮೀಟರ್ ದ್ರವ್ಯ ನಾಲ್ಕು ಲಕ್ಷ ಟನ್ನಿಗೂ ಮಿಕ್ಕಿ ತೂಗುತ್ತದೆ. ನ್ಯೂಕ್ಲಿಯಸ್‌ಗಳಲ್ಲಿ ಇನ್ನು ಒಂದು ನ್ಯೂಟ್ರಾನನ್ನೂ ಹಿಡಿದಿಡುವ ಶಕ್ತಿ ಉಳಿದಿಲ್ಲ. ಹೆಚ್ಚಿನವು ತುಳುಕಿ ಹೊರಬರುತ್ತವೆ. ಭೂಮಿಯ ಮೇಲೆ ಒಂಟಿ ನ್ಯೂಟ್ರಾನಿನ ಬಾಳು ಸರಾಸರಿ ಹದಿನೈದು ನಿಮಿಷ. ಆಮೇಲೆ ಅದು ಪ್ರೋಟಾನ್, ಎಲೆಕ್ಟ್ರಾನ್‌ಗಳಾಗಿ ಒಡೆಯುತ್ತದೆ. ಇಲ್ಲಿ ಒಡೆಯುವಂತಿಲ್ಲ. ಹುಟ್ಟಬೇಕಾದ ಎಲೆಕ್ಟ್ರಾನಿಗೆ ಖಾಲಿ ಇರುವ ಸ್ಥಿತಿಯೇ ಸಿಗುವುದಿಲ್ಲ, ಎಲ್ಲವೂ ಮೊದಲೇ ತುಂಬಿವೆ. ಹಾಗಾಗಿ ನ್ಯೂಟ್ರಾನ್ ಇಲ್ಲಿ ಚಿರಂಜೀವಿ.

ಈ ಬಿಡಿ ನ್ಯೂಟ್ರಾನ್‌ಗಳು ಎರಡೆರಡಾಗಿ ಜೋಡಿಗೂಡಿ ಸೂಪರ್‌ಫ್ಲೂಯಿಡ್ ಆಗುತ್ತವೆ, ಅಂದರೆ ಘರ್ಷಣೆಯೇ ಇಲ್ಲದ ದ್ರವ. ಒಳಗಿನ ಶಾಖ ಕೋಟಿಗಟ್ಟಲೆ ಡಿಗ್ರಿ ಇದ್ದರೂ ಅಷ್ಟು ಒತ್ತಾಗಿ ತುಂಬಿದ ದ್ರವ್ಯಕ್ಕೆ ಅದು ಚಳಿಯೇ ಸರಿ. ಇಂಥ ದ್ರವ ಇಡಿಯಾಗಿ ತಿರುಗಲಾರದು. ತಿರುಗಬೇಕಾದರೆ ಅಸಂಖ್ಯ ಸಣ್ಣ ಸುಳಿಗಳಾಗಿ ಹಂಚಿಕೊಳ್ಳಬೇಕು. ಪ್ರತಿ ಸುಳಿಯೂ ತಿರುಗುವ ಅಕ್ಷಕ್ಕೆ ಸಮಾನಾಂತರವಾಗಿ ನಿಂತ ಒಂದು ಎಳೆ. ವೇಲಾದ ವೇಗಕ್ಕೆ ಲೆಕ್ಕ ಹಾಕಿದರೆ ಚದರ ಸೆಂಟಿಮೀಟರಿಗೆ ಸುಮಾರು 70,000 ಸುಳಿಗಳು. ಅವು ತೊಗಟೆಯ ನ್ಯೂಕ್ಲಿಯಸ್‌ಗಳಿಗೆ ಸಿಕ್ಕಿಕೊಂಡು ನಿಂತಿವೆ.

ಯಾರೂ ಕಾಣದ ಈ ಸುಳಿಗಳ ಸುಳಿವು ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ. ಸಿಡ್ನಿಯಿಂದ ಪಶ್ಚಿಮಕ್ಕೆ, ಗೋಧಿ ಬೆಳೆಯುವ, ಕುರಿ ಮೇಯಿಸುವ ಸೀಮೆಯಲ್ಲಿ ಪಾರ್ಕ್ಸ್ ಎಂಬ ಊರಿದೆ. ಅಲ್ಲಿ 64 ಮೀಟರ್ ಅಗಲದ ರೇಡಿಯೋ ತಟ್ಟೆ ಆಕಾಶಕ್ಕೆ ಮುಖ ಮಾಡಿ ನಿಂತಿದೆ. ಕೇಂಬ್ರಿಜ್‌ನಲ್ಲಿ ಜೋಸೆಲಿನ್ ಬೆಲ್ ಮೊದಲ ಪಲ್ಸಾರನ್ನು ಗುರುತಿಸಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. 1969ರ ಮೊದಲ ತಿಂಗಳುಗಳಲ್ಲಿ ವಿ. ರಾಧಾಕೃಷ್ಣನ್ ಮತ್ತು ರಿಚರ್ಡ್ ಮ್ಯಾಂಚೆಸ್ಟರ್ ಆ ತಟ್ಟೆಯಿಂದ ವೇಲಾದ ಮಿಡಿತಗಳ ಕಾಲವನ್ನು ಗುರುತು ಹಾಕುತ್ತಿದ್ದರು. ಮಿಡಿತದ ಅವಧಿ 89 ಮಿಲಿಸೆಕೆಂಡ್. ಶಕ್ತಿ ಕಳೆದುಕೊಳ್ಳುತ್ತಾ ನಕ್ಷತ್ರ ನಿಧಾನವಾಗುತ್ತದೆ. ದಿನಕ್ಕೆ ಸೆಕೆಂಡಿನ ನೂರು ಕೋಟಿಯಲ್ಲಿ ಹತ್ತು ಹನ್ನೊಂದು ಭಾಗದಷ್ಟು ಅವಧಿ ಹಿಗ್ಗುತ್ತದೆ. ಫೆಬ್ರವರಿ ಕೊನೆಯ ವಾರದ ಅಳತೆಯ ನಂತರ ಮಾರ್ಚ್ ಮೊದಲಲ್ಲಿ ಮತ್ತೆ ಅಳೆದಾಗ ಅವಧಿ ಹಿಗ್ಗುವ ಬದಲು ಕುಗ್ಗಿತ್ತು. ಅದೂ ಒಂದೇ ಏಟಿಗೆ 200 ಭಾಗದಷ್ಟು. ಸುಮಾರು ಮೂರು ವಾರದ ನಿಧಾನವನ್ನು ನಕ್ಷತ್ರ ಒಮ್ಮೆಲೇ ಹಿಂದಕ್ಕೆ ಪಡೆದಿತ್ತು.

ಈ ರಾಧಾಕೃಷ್ಣನ್ ಸರ್ ಸಿ. ವಿ. ರಾಮನ್ ಅವರ ಮಗ. 1972ರಲ್ಲಿ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಎರಡು ದಶಕಗಳ ಕಾಲ ಆ ಸಂಸ್ಥೆಯನ್ನು ಖಗೋಳ ವಿಜ್ಞಾನದ ನೆಲೆಯಾಗಿ ಬೆಳೆಸಿದರು. ವೇಲಾದ ಆ ಹಾರಿಕೆ ಹೀಗೆ ನಮ್ಮ ಮೇಖ್ರಿ ವೃತ್ತದ ಬಳಿಯ ಮರಗಳ ನೆರಳಿಗೂ ಬಂತು.

ಹಾರಿಕೆಗೆ ಈಗ ಒಪ್ಪಿತವಾಗಿರುವ ವಿವರಣೆಯ ಬೀಜ ಇರುವುದು 1975ರಲ್ಲಿ ಫಿಲಿಪ್ ಆಂಡರ್ಸನ್ ಮತ್ತು ನವೊಕಿ ಇತೊ ಬರೆದ ಲೇಖನದಲ್ಲಿ. ತೊಗಟೆ ನಿಧಾನವಾಗುತ್ತಾ ಹೋಗುತ್ತದೆ. ಸುಳಿಗಳು ಸಿಕ್ಕಿಕೊಂಡಿರುವುದರಿಂದ ಒಳಗಿನ ದ್ರವ ಹಳೆಯ ವೇಗದಲ್ಲೇ ಓಡುತ್ತಿರುತ್ತದೆ. ಅಂತರ ಬೆಳೆದು ತಾಳಲಾರದಾದಾಗ ಸುಳಿಗಳು ಗುಂಪುಗುಂಪಾಗಿ ಕಿತ್ತುಕೊಂಡು ಹೊರಕ್ಕೆ ಸರಿಯುತ್ತವೆ. ದ್ರವ ಕಳೆದುಕೊಂಡ ತಿರುಗುಬಲ ತೊಗಟೆಗೆ ಸೇರುತ್ತದೆ, ನಕ್ಷತ್ರ ಜಿಗಿಯುತ್ತದೆ.

2016ರ ಡಿಸೆಂಬರ್ 12ರಂದು ಇಂಥದೊಂದು ಜಿಗಿತ ನಡೆಯುತ್ತಿರುವಾಗಲೇ ಸಿಕ್ಕಿಬಿತ್ತು. ಟಾಸ್ಮೇನಿಯಾದ ಹೋಬಾರ್ಟ್ ಬಳಿಯ ಮೌಂಟ್ ಪ್ಲೆಸೆಂಟ್‌ನಲ್ಲಿ 26 ಮೀಟರಿನ ಒಂದು ತಟ್ಟೆ ದಿನದ ಬಹುಪಾಲು ವೇಲಾವನ್ನೇ ನೋಡುತ್ತಿತ್ತು, ಒಂದೊಂದು ಮಿಡಿತವನ್ನೂ ಬಿಡದೆ ದಾಖಲಿಸುತ್ತಿತ್ತು. ಅಂದು ಮಿಡಿತಗಳು ಎಂದಿನಂತೆ ಬರುತ್ತಿದ್ದವು. ಒಂದು ಮಿಡಿತ ವಿಚಿತ್ರವಾಗಿ ಅಗಲವಾಯಿತು. ಅದರ ಮುಂದಿನದು ಬರಲೇ ಇಲ್ಲ. ಆಮೇಲಿನ ಎರಡರಲ್ಲಿ ಧ್ರುವೀಕರಣ ಕುಂದಿತ್ತು. ಮತ್ತೆ ಎಲ್ಲ ಮೊದಲಿನಂತೆ, ಆದರೆ ವೇಗ ಹೆಚ್ಚಿ. ಒಳಗಿನ ಸುಳಿಗಳು ಕಿತ್ತ ರಭಸ ತೊಗಟೆಯನ್ನು ಹಾದು ಹೊರಗಿನ ಕಾಂತಕ್ಷೇತ್ರವನ್ನೂ ಒಂದು ಗಳಿಗೆ ತಡವರಿಸುವಂತೆ ಮಾಡಿತ್ತು. ಅದೇ ದಾಖಲೆಯನ್ನು 2019ರಲ್ಲಿ ಮತ್ತೆ ಜಾಲಾಡಿದವರು ಇನ್ನೊಂದು ಸಂಗತಿ ಕಂಡರು: ನಕ್ಷತ್ರ ತಾನು ನಿಲ್ಲಬೇಕಾದ ವೇಗವನ್ನೂ ಮೀರಿ ಹಾರಿ, ಸುಮಾರು ಒಂದು ನಿಮಿಷದಲ್ಲಿ ಕೆಳಗಿಳಿದು ತಂಗಿತ್ತು. ಬೇರೆ ಬೇರೆ ವೇಗದಲ್ಲಿ ಸ್ಪಂದಿಸುವ ಹಲವು ಪಾಲುಗಳು ಒಳಗಿವೆ ಎಂಬುದಕ್ಕೆ ಇದು ಸಾಕ್ಷಿ.

ಎಳೆಗಳು, ಹಾಳೆಗಳು

ತೊಗಟೆಯ ತಳಕ್ಕೆ, ಸುಮಾರು ಒಂದು ಕಿಲೋಮೀಟರ್ ಆಳಕ್ಕೆ ಬಂದೆವು. ನ್ಯೂಕ್ಲಿಯಸ್‌ಗಳು ಒಂದಕ್ಕೊಂದು ತಾಗುವಷ್ಟು ಹತ್ತಿರವಾಗಿವೆ. ಹತ್ತಿರದ ಸೆಳೆತ ಅವುಗಳನ್ನು ಅಂಟಿಸಲು ನೋಡುತ್ತದೆ, ಪ್ರೋಟಾನ್‌ಗಳ ವಿದ್ಯುತ್ ವಿಕರ್ಷಣೆ ದೂಡಲು ನೋಡುತ್ತದೆ. ಈ ಜಗ್ಗಾಟದಲ್ಲಿ ದ್ರವ್ಯ ತಾಳುವ ರೂಪಗಳು ಅಚ್ಚರಿಯವು. ಮೊದಲು ಉಂಡೆಗಳು. ಆಮೇಲೆ ಉಂಡೆಗಳು ಕೂಡಿ, ಒರಳಿನಿಂದ ಇಳಿದ ಒತ್ತುಶ್ಯಾವಿಗೆಯ ಹಾಗೆ ಉದ್ದುದ್ದ ಎಳೆಗಳು. ಇನ್ನೂ ಒತ್ತಿದರೆ ಎಳೆಗಳು ಸೇರಿ ಹಾಳೆಗಳು, ಒಂದರ ಮೇಲೊಂದು ಹಾಸು. ಇನ್ನೂ ಆಳದಲ್ಲಿ ಎಲ್ಲವೂ ತಿರುವುಮುರುವು: ದ್ರವ್ಯ ತುಂಬಿಕೊಂಡು, ಖಾಲಿಯೇ ಕೊಳವೆಗಳಾಗಿ, ಗುಳ್ಳೆಗಳಾಗಿ ಉಳಿಯುತ್ತದೆ. 1983ರಲ್ಲಿ ರೇವನ್‌ಹಾಲ್, ಪೆಥಿಕ್ ಮತ್ತು ವಿಲ್ಸನ್ ಲೆಕ್ಕದಿಂದ ತೋರಿಸಿದ ಈ ಪದರವನ್ನು ಭೌತವಿಜ್ಞಾನಿಗಳು ನ್ಯೂಕ್ಲಿಯರ್ ಪಾಸ್ತಾ ಎಂದು ಕರೆಯುತ್ತಾರೆ. 2018ರಲ್ಲಿ ಅಮೆರಿಕ, ಕೆನಡಾದ ಮೂವರು ಸಂಶೋಧಕರು ಕಂಪ್ಯೂಟರಿನಲ್ಲಿ ಇದನ್ನು ಕಟ್ಟಿ, ಎಳೆದು, ಮುರಿದು ನೋಡಿದರು. ವಿಶ್ವದ ಅತಿ ಗಟ್ಟಿ ವಸ್ತು ಇದೇ ಇರಬಹುದು ಎಂಬುದು ಅವರ ತೀರ್ಮಾನ.

ಇಡೀ ಇಳಿತದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಈ ಪದರವೇ. ಒತ್ತಡ ಏರಿದಷ್ಟೂ ದ್ರವ್ಯ ಸೋತು ಮುದ್ದೆಯಾಗಬೇಕೆಂದು ನಾವು ಅಂದುಕೊಳ್ಳುತ್ತೇವೆ. ಅದು ಪ್ರತಿ ಹಂತದಲ್ಲೂ ಹೊಸದೊಂದು ಕಟ್ಟಡ ಕಟ್ಟಿಕೊಳ್ಳುತ್ತದೆ.

ಕಡಲು

ಪಾಸ್ತಾ ಕರಗಿದ ಕೆಳಗೆ ತೊಗಟೆ ಮುಗಿಯಿತು. ಇನ್ನು ನ್ಯೂಕ್ಲಿಯಸ್‌ಗಳಿಲ್ಲ, ಅವುಗಳ ಗಡಿಗಳೆಲ್ಲ ಅಳಿದಿವೆ. ಒಂದು ಘನ ಸೆಂಟಿಮೀಟರಿನ ತೂಕ ಸುಮಾರು 27 ಕೋಟಿ ಟನ್. ನಮ್ಮ ಮೈಯ ಒಂದೊಂದು ಪರಮಾಣುವಿನ ನಡುವೆಯೂ ಇರುವುದು ಇದೇ ಸಾಂದ್ರತೆಯ ದ್ರವ್ಯ. ಅಲ್ಲಿ ಅದು ಕಣ್ಣಿಗೆ ನಿಲುಕದ ಚುಕ್ಕಿ, ಇಲ್ಲಿ ಕಿಲೋಮೀಟರುಗಟ್ಟಲೆ ಆಳದ ಕಡಲು. ಬಹುಪಾಲು ನ್ಯೂಟ್ರಾನ್. ನೂರಕ್ಕೆ ಐದರ ಸುಮಾರು ಪ್ರೋಟಾನ್, ಅವುಗಳ ಜೊತೆಗೆ ಎಲೆಕ್ಟ್ರಾನ್ ಮತ್ತು ಅದರ ಭಾರದ ಸೋದರ ಮ್ಯುವಾನ್. ನ್ಯೂಟ್ರಾನ್‌ಗಳು ಇಲ್ಲೂ ಘರ್ಷಣೆಯಿಲ್ಲದೆ ಹರಿಯುತ್ತವೆ. ಪ್ರೋಟಾನ್‌ಗಳು ಜೋಡಿಗೂಡಿ ತಡೆಯಿಲ್ಲದೆ ವಿದ್ಯುತ್ ಹರಿಸುತ್ತವೆ, ಕಾಂತಕ್ಷೇತ್ರ ಅವುಗಳ ನಡುವೆ ಸಣ್ಣ ಸಣ್ಣ ನಾಳಗಳಾಗಿ ಹಾಯುತ್ತದೆ.

ನ್ಯೂಟ್ರಾನ್ ಸುಳಿಗಳೂ ಕಾಂತನಾಳಗಳೂ ಒಂದಕ್ಕೊಂದು ತೊಡರಿಕೊಂಡಿದ್ದರೆ ಏನಾದೀತು? 1990ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಜಿ. ಶ್ರೀನಿವಾಸನ್ ಮತ್ತು ಸಂಗಡಿಗರು ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಬರೆದರು. ನಕ್ಷತ್ರ ನಿಧಾನವಾದಂತೆ ಸುಳಿಗಳು ಹೊರಕ್ಕೆ ಸರಿಯುತ್ತವೆ. ಸರಿಯುವಾಗ ಕಾಂತನಾಳಗಳನ್ನೂ ಎಳೆದೊಯ್ದು ತೊಗಟೆಗೆ ತಲುಪಿಸುತ್ತವೆ. ಅಲ್ಲಿ ಅವು ಕಾಲಕ್ರಮದಲ್ಲಿ ಕರಗುತ್ತವೆ. ಮುದಿ ಪಲ್ಸಾರ್‌ಗಳ ಕಾಂತಬಲ ಏಕೆ ಕುಂದಿರುತ್ತದೆ ಎಂಬುದಕ್ಕೆ ಇದೊಂದು ದಾರಿ.

ನಡುಗರ್ಭ

ಕೊನೆಯ ಕೆಲವು ಕಿಲೋಮೀಟರ್. ಸಾಂದ್ರತೆ ಇನ್ನೂ ಹಲವು ಪಟ್ಟು ಏರಿದೆ. ಇಲ್ಲಿ ನಕ್ಷೆಯ ಗೆರೆಗಳು ಕವಲೊಡೆಯುತ್ತವೆ. ನ್ಯೂಟ್ರಾನ್‌ಗಳು ನ್ಯೂಟ್ರಾನ್‌ಗಳಾಗಿಯೇ ಉಳಿದಿರಬಹುದು. ಹೈಪರಾನ್ ಎಂಬ ಭಾರದ ಕಣಗಳಿಗೆ ಎಡೆ ಬಿಟ್ಟಿರಬಹುದು. ಅಥವಾ ನ್ಯೂಟ್ರಾನ್‌ಗಳೇ ಒಡೆದು, ಅವುಗಳೊಳಗಿನ ಕ್ವಾರ್ಕ್‌ಗಳು ಗೋಡೆಯಿಲ್ಲದೆ ಅಲೆಯುತ್ತಿರಬಹುದು.

ಯಾವುದು ನಿಜ ಎಂದು ತೀರ್ಮಾನಿಸಲು ಒಂದು ಹಿಡಿ ಇದೆ: ಆ ದ್ರವ್ಯ ಎಷ್ಟು ಬಲವಾಗಿ ತಿರುಗಿ ಒತ್ತುತ್ತದೆ? ಮೆತ್ತಗಿನ ದ್ರವ್ಯವಾದರೆ ಹೆಚ್ಚು ತೂಕ ಹೊರಲಾರದೆ ಕಪ್ಪುಕುಳಿಯಾಗಿ ಕುಸಿಯುತ್ತದೆ. 1939ರಲ್ಲಿ ಓಪನ್‌ಹೈಮರ್ ಮತ್ತು ವೋಲ್ಕಾಫ್, ನ್ಯೂಟ್ರಾನ್‌ಗಳ ಕ್ವಾಂಟಮ್ ಒತ್ತಡವನ್ನಷ್ಟೇ ನಂಬಿ ಲೆಕ್ಕ ಹಾಕಿದಾಗ ಗರಿಷ್ಠ ತೂಕ ಬಂದದ್ದು ಸೂರ್ಯನ 0.7 ಪಟ್ಟು. 2010ರಲ್ಲಿ ಪಾಲ್ ಡೆಮೊರೆಸ್ಟ್ ತಂಡ, ಜೊತೆಗಾರ ನಕ್ಷತ್ರದ ಗುರುತ್ವದಿಂದ ತಡವಾಗುವ ಮಿಡಿತಗಳನ್ನು ಅಳೆದು, ಒಂದು ಪಲ್ಸಾರ್ ಸೂರ್ಯನ ಸುಮಾರು ಎರಡು ಪಟ್ಟು ತೂಗುತ್ತದೆಂದು ತೋರಿಸಿತು. ಮೆತ್ತಗಿನ ಗರ್ಭವನ್ನು ನಂಬಿದ್ದ ಎಷ್ಟೋ ಸಿದ್ಧಾಂತಗಳು ಅಂದೇ ಬಿದ್ದುಹೋದವು. ಆಳದಲ್ಲಿ ನ್ಯೂಟ್ರಾನ್‌ಗಳು ಒಂದನ್ನೊಂದು ಬಲವಾಗಿಯೇ ದೂಡುತ್ತಿರಬೇಕು.

2017ರಲ್ಲಿ ಎರಡು ಹೊಸ ಕಣ್ಣು ತೆರೆದವು. ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ನೈಸರ್ ಎಂಬ ಎಕ್ಸ್‌ರೇ ಉಪಕರಣ ಏರಿತು. ಅದು ತಿರುಗುವ ನಕ್ಷತ್ರದ ಮೇಲಿನ ಬಿಸಿ ಮಚ್ಚೆಗಳ ಬೆಳಕು ಹೇಗೆ ಬಾಗಿ ಬರುತ್ತದೆಂದು ನೋಡಿ ಗಾತ್ರ ಹೇಳುತ್ತದೆ. ಆಗಸ್ಟ್ 17ರಂದು ಲೈಗೋ, ವರ್ಗೋ ಶೋಧಕಗಳಿಗೆ 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಸುತ್ತಿ ಸುತ್ತಿ ಒಂದಾದ ಗುರುತ್ವದ ಅಲೆ ಕೇಳಿಸಿತು. ಕೊನೆಯ ಸುತ್ತುಗಳಲ್ಲಿ ಒಂದರ ಸೆಳೆತಕ್ಕೆ ಇನ್ನೊಂದು ಹೆಚ್ಚು ಉಬ್ಬಿರಲಿಲ್ಲ. ಅಂದರೆ ಅವು ತೀರಾ ದೊಡ್ಡ ಗಾತ್ರದವಲ್ಲ. ನೈಸರ್ ಸೂರ್ಯನ 1.4 ಪಟ್ಟು ತೂಗುವ ಒಂದು ಪಲ್ಸಾರಿನ ತ್ರಿಜ್ಯ 13 ಕಿಲೋಮೀಟರಿನ ಸುಮಾರು ಎಂದಿತು. ಎರಡು ಪಟ್ಟಿಗೂ ತುಸು ಹೆಚ್ಚು ತೂಗುವ ಇನ್ನೊಂದನ್ನು ಅಳೆದಾಗಲೂ ಹೆಚ್ಚು ಕಡಿಮೆ ಅಷ್ಟೇ ಗಾತ್ರ. ಅಷ್ಟೊಂದು ಹೆಚ್ಚುವರಿ ಹೊರೆ ಬಿದ್ದರೂ ಗೋಳ ಕುಗ್ಗಿಲ್ಲ. ಅತ್ಯಂತ ಭಾರದ ನಕ್ಷತ್ರಗಳ ನಡುವಿನಲ್ಲಿ ಕ್ವಾರ್ಕ್ ದ್ರವ್ಯ ಇದ್ದೀತೆಂದು 2020ರಲ್ಲಿ ಹೆಲ್ಸಿಂಕಿಯ ಅಲೆಕ್ಸಿ ವುವೊರಿನೆನ್ ಮತ್ತು ಸಂಗಡಿಗರು ವಾದಿಸಿದ್ದಾರೆ. ಚರ್ಚೆ ನಡೆಯುತ್ತಲೇ ಇದೆ.

ಚರ್ಚೆಯ ಒಂದು ತುದಿ ಅಮೆರಿಕದ ವರ್ಜೀನಿಯಾದಲ್ಲಿದೆ. ಅಲ್ಲಿನ ಜೆಫರ್ಸನ್ ಪ್ರಯೋಗಾಲಯದಲ್ಲಿ ಸೀಸದ ಹಾಳೆಗೆ ಎಲೆಕ್ಟ್ರಾನ್‌ಗಳನ್ನು ತೂರಿ ನ್ಯೂಕ್ಲಿಯಸ್ಸಿನ ಅಂಚನ್ನು ಅಳೆದರು. ಸೀಸ 208ರಲ್ಲಿ 82 ಪ್ರೋಟಾನ್, 126 ನ್ಯೂಟ್ರಾನ್. ಹೆಚ್ಚಿನ ನ್ಯೂಟ್ರಾನ್‌ಗಳು ಹೊರಗೆ ತೊಗಲಿನಂತೆ ನಿಲ್ಲುತ್ತವೆ. 2021ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಆ ತೊಗಲಿನ ದಪ್ಪ ಸುಮಾರು 0.28 ಫೆಮ್ಟೋಮೀಟರ್. ಮಿಲಿಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಫೆಮ್ಟೋಮೀಟರ್. ನ್ಯೂಟ್ರಾನ್‌ಗಳನ್ನು ಆ ಅಂಚಿಗೆ ದೂಡುವ ಒತ್ತಡವೇ ವೇಲಾವನ್ನು ಕುಸಿಯದಂತೆ ಎತ್ತಿ ಹಿಡಿದಿರುವುದು. ಸೀಸದ ತೊಗಲು ದಪ್ಪವಾದಷ್ಟೂ ನ್ಯೂಟ್ರಾನ್ ನಕ್ಷತ್ರ ದೊಡ್ಡದಿರಬೇಕು.

ಆದ್ದರಿಂದ ಈ ಹನ್ನೆರಡು ಕಿಲೋಮೀಟರ್ ಯಾವುದೋ ಪರಲೋಕದ ಕಥೆ ಎಂದು ನನಗೆ ಅನ್ನಿಸಿಲ್ಲ. ಬಾಗಿಲ ಬೀಗದ ಕಬ್ಬಿಣ, ಬ್ಯಾಟರಿಯ ಸೀಸ, ನೆತ್ತರಿನ ಒಂದೊಂದು ಹನಿ, ಎಲ್ಲದರ ನಡುವೆಯೂ ಇದೇ ದ್ರವ್ಯ, ಇದೇ ನಿಯಮ. ನಮ್ಮಲ್ಲಿ ಅದು ಎಲೆಕ್ಟ್ರಾನ್‌ಗಳ ವಿಶಾಲ ಬಯಲಿನೊಳಗೆ ಅಡಗಿ ಕುಳಿತಿದೆ. ಗುರುತ್ವ ಆ ಬಯಲನ್ನು ಕಿತ್ತು ಒತ್ತಿದಾಗ ಅದು ಹರಳಾಗಿ, ಸುಳಿಯಾಗಿ, ಎಳೆಯಾಗಿ, ಹಾಳೆಯಾಗಿ, ಕಡಲಾಗಿ ತನ್ನ ಗುಣಗಳನ್ನು ಒಂದೊಂದಾಗಿ ತೋರಿಸಿತು. ನಟ್ಟನಡುವಿನಲ್ಲಿ ಇನ್ನೊಂದು ರೂಪ ಬಾಕಿ ಇದೆ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಏಳಲಿರುವ ಲೈಗೋ ಇಂಡಿಯಾ ಮತ್ತು ಅದರ ಜೊತೆಗಾರ ಶೋಧಕಗಳು, ಮುಂದಿನ ಜೋಡಿ ನಕ್ಷತ್ರಗಳು ಡಿಕ್ಕಿ ಹೊಡೆಯುವಾಗ ಎಷ್ಟು ಉಬ್ಬುತ್ತವೆ ಎಂಬುದನ್ನು ಇನ್ನೂ ಸೂಕ್ಷ್ಮವಾಗಿ ಅಳೆದರೆ, ಆ ರೂಪದ ಹೆಸರನ್ನೂ ನಾವು ಬರೆದಿಡಬಹುದು.